ಶೆಡ್ಡಿನ ಮೊಲಕ್ಕೆ ಹುಳು ಮನೆಯ ತಂಪು

ಅಡಿಕೆ ತೋಟ ಇರುವವರಿಗೆ ನೈಋತ್ಯದ ಬಿಸಿಲಿನ ಬಗ್ಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ. ಇಳಿಹೊತ್ತಿನ ಬಿಸಿಲು ಕಾಂಡಕ್ಕೆ ನೇರವಾಗಿ ಹೊಡೆದರೆ ಆ ಬದಿ ಹಳದಿಗಟ್ಟಿ, ಸೀಳು ಬಿಟ್ಟು, ಒಂದಲ್ಲ ಒಂದು ವರ್ಷ ಗಾಳಿಗೆ ಮರವೇ ಮುರಿದು ಬೀಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದಕ್ಕೆಂದೇ ತೋಟದ ಆ ಅಂಚಿನ ಮರಗಳಿಗೆ ಹಾಳೆಯನ್ನೋ ಸೋಗೆಯನ್ನೋ ಕಟ್ಟುತ್ತೇವೆ, ಇಲ್ಲವೇ ಸುಣ್ಣ ಬಳಿಯುತ್ತೇವೆ. ಇಷ್ಟೆಲ್ಲ ತಿಳಿದ ನಾವೇ ಅದೇ ತೋಟದ ಅಂಚಿನ ತಗಡಿನ ಶೆಡ್ಡಿನಲ್ಲಿ ಮಕ್ಕಳ ಮೊಲಗಳನ್ನು ಇರಿಸಿ, ಏಪ್ರಿಲ್ ತಿಂಗಳ ಮಧ್ಯಾಹ್ನ ನಾಯಿಯ ಭಯಕ್ಕೆ ಬಾಗಿಲು ಮುಚ್ಚಿ ಪೇಟೆಗೆ ಹೋಗುತ್ತೇವೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಸದಸ್ಯರಿಂದ ಬೇಸಿಗೆ ಬಂತೆಂದರೆ ಸಂಘದ ಕಛೇರಿಗೆ ಮೊಲ ಸತ್ತ ಸುದ್ದಿ ಬರತೊಡಗುತ್ತದೆ. ಸಂಜೆ ಶಾಲೆಯಿಂದ ಬಂದ ಮಗು ಬಾಗಿಲು ತೆಗೆದು ನೋಡಿದರೆ ಒಂದು ಕಾಲು ಚಾಚಿ ಬಿದ್ದಿದೆ, ಇನ್ನೊಂದು ಬಾಯಿ ತೆರೆದು ಏದುಸಿರು ಬಿಡುತ್ತಿದೆ. ಯಾವ ರೋಗವಿರಬಹುದು, ಯಾವ ಔಷಧಿ ಕೊಡಬೇಕು ಎಂದು ಕೇಳುತ್ತಾರೆ. ಯಾವ ಹೊತ್ತಿನಲ್ಲಿ ಆಯಿತು ಎಂದು ವಿಚಾರಿಸಿದರೆ ಬಹುಮಟ್ಟಿಗೆ ಎಲ್ಲರದೂ ಒಂದೇ ಉತ್ತರ: ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ. ರೋಗ ಹೀಗೆ ಗಡಿಯಾರ ನೋಡಿಕೊಂಡು ಬರುವುದಿಲ್ಲ. ಇದು ತಗಡಿನ ಬಿಸಿ.

ಈ ಬಿಸಿಯನ್ನು ತಡೆಯುವುದಕ್ಕೆ ಹೆಚ್ಚು ಹಣ ಬೇಕಿಲ್ಲ. ಬೇಕಾದ ಸಾಮಗ್ರಿಯಲ್ಲಿ ಮುಕ್ಕಾಲು ಪಾಲು ನಮ್ಮ ತೋಟದಲ್ಲೇ ಬಿದ್ದಿರುತ್ತದೆ. ಬೇಕಾದ ತಿಳಿವಳಿಕೆ ಈ ನಾಲ್ಕು ತಾಲ್ಲೂಕುಗಳಲ್ಲಿ ರೇಷ್ಮೆ ಹುಳು ಸಾಕುವ ಪ್ರತಿಯೊಂದು ಮನೆಯಲ್ಲೂ ಇದೆ.

ಚಳಿ ದೇಶದ ಗೂಡು

ಸಾಕು ಮೊಲ ಮೂಲತಃ ಯೂರೋಪಿನ ಪ್ರಾಣಿ. ನೆಲದೊಳಗೆ ಬಿಲ ತೋಡಿ ಅದರ ತಂಪಿನಲ್ಲಿ ಹಗಲು ಕಳೆಯುವ ಜಾತಿ. ಅದಕ್ಕೆ ಮೈಯೆಲ್ಲ ದಟ್ಟ ತುಪ್ಪಳ. ಬೆವರುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಒಳಗಿನ ಬಿಸಿ ಹೊರಹೋಗಬೇಕಾದರೆ ಎರಡೇ ದಾರಿ, ಉದ್ದ ಕಿವಿ ಮತ್ತು ಉಸಿರು. ಹಸು ನೊರೆ ಬಿಟ್ಟು ತೇಕಿದ ಹಾಗೆ, ನಾಯಿ ನಾಲಿಗೆ ಚಾಚಿದ ಹಾಗೆ ಮೊಲಕ್ಕೆ ಬಹಳ ಹೊತ್ತು ತೇಕಲು ಬರುವುದಿಲ್ಲ. 15ರಿಂದ 21 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. 30 ದಾಟಿದರೆ ಮೇವು ಬಿಡುತ್ತದೆ, ಗಂಡಿನ ಬೀಜಶಕ್ತಿ ಕುಗ್ಗುತ್ತದೆ. 35 ದಾಟಿ ಗಾಳಿಯೂ ಆಡದಿದ್ದರೆ ಪ್ರಾಣಕ್ಕೇ ಸಂಚಕಾರ. ನಮ್ಮ ಕಡೆ ಏಪ್ರಿಲ್‌ನಲ್ಲಿ ಹೊರಗಿನ ನೆರಳಿನಲ್ಲೇ 35 ಡಿಗ್ರಿ ಆಸುಪಾಸು ಇರುತ್ತದೆ. ತಗಡಿನ ಶೆಡ್ಡಿನೊಳಗೆ ಅದಕ್ಕಿಂತ ಐದಾರು ಡಿಗ್ರಿ ಹೆಚ್ಚಾಗುವುದು ಏನೂ ಆಶ್ಚರ್ಯವಲ್ಲ.

ಮೊಲದ ಗೂಡಿನ ಬಗ್ಗೆ ಪುಸ್ತಕದಲ್ಲಿ ಓದಿಕೊಂಡವರಿಂದಲೇ ಕೆಲವೊಮ್ಮೆ ಹೆಚ್ಚು ತೊಂದರೆಯಾಗುತ್ತದೆ. ಮನೆಯಲ್ಲಿ ಮುದ್ದಿಗಾಗಿ ಮೊಲ ಸಾಕುವ ಪದ್ಧತಿ ಹೆಚ್ಚಾಗಿ ಇಂಗ್ಲೆಂಡಿನಂಥ ಚಳಿ ದೇಶಗಳದ್ದು. ಅಲ್ಲಿ ತೋಟದ ಶೆಡ್ಡಿಗೆ ಬಿಸಿ ತಡೆ ಎಂದರೆ ಒಳಗಿನ ಬಿಸಿ ಹೊರಗೆ ಹೋಗದಂತೆ ಸಂದಿಗಳನ್ನು ಮುಚ್ಚುವುದು, ಗೋಡೆಗೆ ಥರ್ಮೋಕೋಲ್ ಹೊಡೆಯುವುದು, ಹುಲ್ಲನ್ನು ದಪ್ಪವಾಗಿ ಹಾಸುವುದು. ಹಿಮ ಬೀಳುವ ಊರಿಗೆ ಅದು ಸರಿ. ಮಾಗಡಿಯಲ್ಲಿ ಹಾಗೆ ಮಾಡಿದರೆ ಶೆಡ್ಡು ಶೆಡ್ಡಾಗಿ ಉಳಿಯುವುದಿಲ್ಲ, ಹಬೆಯ ಪಾತ್ರೆಯಾಗುತ್ತದೆ. ಸಂದಿ ಮುಚ್ಚಿದ ಶೆಡ್ಡಿನಲ್ಲಿ ಇನ್ನೊಂದು ಕೇಡೂ ಇದೆ. ಮೊಲದ ಮೂತ್ರದಿಂದ ಏಳುವ ಅಮೋನಿಯಾ ಘಾಟು ಹೊರಹೋಗದೆ ನಿಂತು, ಮೂಗಿನ ಒಳಪೊರೆ ಕೆಟ್ಟು, ಸೀನು, ನೆಗಡಿ, ಶ್ವಾಸಕೋಶದ ಬೇನೆ ಹತ್ತಿಕೊಳ್ಳುತ್ತದೆ. ನಿಂತುಕೊಂಡವರ ಮೂಗಿಗೆ ಈ ಘಾಟು ಸರಿಯಾಗಿ ತಿಳಿಯುವುದಿಲ್ಲ. ಮೊಲದ ಎತ್ತರಕ್ಕೆ ಕುಕ್ಕರುಗಾಲಿನಲ್ಲಿ ಕೂತು ನಾಲ್ಕು ಸಲ ಉಸಿರೆಳೆದು ನೋಡಿದರೆ ಆ ಪ್ರಾಣಿ ಏನು ಕುಡಿಯುತ್ತಿದೆ ಎಂಬುದು ಗೊತ್ತಾಗುತ್ತದೆ.

ಆದ್ದರಿಂದ ನಮ್ಮ ಸೀಮೆಯಲ್ಲಿ ಬಿಸಿ ತಡೆ ಎಂದರೆ ಮಾಡು ಮತ್ತು ಪಡುವಣ ಗೋಡೆ, ಇಷ್ಟೇ. ಉಳಿದ ಕಡೆಗಳಲ್ಲಿ ಮುಚ್ಚುವುದಕ್ಕಿಂತ ತೆರೆಯುವ ಕೆಲಸವೇ ಜಾಸ್ತಿ.

ಹುಳು ಮನೆಯವರು ಬಲ್ಲರು

2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಪಡೆದ ಈ ಸೀಮೆಯ ಗುರುತು ಇಂದಿಗೂ ರೇಷ್ಮೆ ಗೂಡು. ರಾಮನಗರದ ಗೂಡಿನ ಮಾರುಕಟ್ಟೆಯ ಹೆಸರು ಏಷ್ಯದಲ್ಲೇ ದೊಡ್ಡದು. ಕಣ್ವ-2 ಎಂಬ ಹಿಪ್ಪುನೇರಳೆ ತಳಿಗೆ ಆ ಹೆಸರು ಬಂದದ್ದು ಚನ್ನಪಟ್ಟಣದ ಬಳಿಯ ಕಣ್ವದಿಂದ. ರೇಷ್ಮೆ ಹುಳು ಮೊಲಕ್ಕಿಂತಲೂ ನಾಜೂಕು. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ, ಬಲಿತ ಹುಳುವಿಗೆ 24ರಿಂದ 26 ಡಿಗ್ರಿ ಇರಬೇಕು. ನಾಲ್ಕು ದಿನ ಅದು ತಪ್ಪಿದರೆ ಬೆಳೆಯೇ ಹೋಯಿತು, ಸಾಲ ಉಳಿಯಿತು. ಹಾಗಾಗಿ ಇಲ್ಲಿನ ರೈತರು ಮಾಡಿನ ಬಿಸಿಯನ್ನು ಹೇಗೆ ಇಳಿಸಬೇಕೆಂಬುದನ್ನು ಹೊಟ್ಟೆಪಾಡಿನಿಂದ ಕಲಿತವರು. ಸಿಮೆಂಟ್ ಶೀಟಿನ ಹುಳು ಮನೆಯ ಮೇಲೆ ತೆಂಗಿನ ಗರಿ ಹೊದಿಸುತ್ತಾರೆ, ಕಿಟಕಿಗೆ ಗೋಣಿ ತಾಟು ಕಟ್ಟಿ ನೀರು ಚಿಮುಕಿಸುತ್ತಾರೆ, ಸುತ್ತ ನೆರಳಿನ ಮರ ಬೆಳೆಸುತ್ತಾರೆ. ಹೊಸದಾಗಿ ಕಟ್ಟುವವರು ಮನೆಯ ಉದ್ದವನ್ನು ಪೂರ್ವ ಪಶ್ಚಿಮವಾಗಿ ಇಡುತ್ತಾರೆ. ಆಗ ಬಿಸಿಲು ಬೀಳುವುದು ಗಿಡ್ಡ ಗೋಡೆಗಳ ಮೇಲೆ ಮಾತ್ರ.

ಇನ್ನೊಂದು ವಸ್ತು ಅವರಲ್ಲಿದೆ, ನಮ್ಮಲ್ಲಿಲ್ಲ. ಗೋಡೆಗೆ ನೇತುಹಾಕಿದ ಉಷ್ಣಮಾಪಕ. ಶೆಡ್ಡಿಗೆ ಏನೇನೋ ಹೊಡೆಯುವ ಮೊದಲು ಒಂದು ಉಷ್ಣಮಾಪಕ ಕೊಳ್ಳುವುದು ಒಳ್ಳೆಯದು. ಅದನ್ನು ತಲೆಯ ಎತ್ತರಕ್ಕೆ ತೂಗದೆ ನೆಲದಿಂದ ಒಂದು ಅಡಿ ಮೇಲೆ, ಮೊಲ ಮಲಗುವ ಕಡೆ, ಬಿಸಿಲು ನೇರ ಬೀಳದಂತೆ ಇಡಬೇಕು. ಮಧ್ಯಾಹ್ನ ಮೂರು ಗಂಟೆಗೆ ಹೊರಗಿನ ಮರದ ನೆರಳಿನಲ್ಲಿ ಎಷ್ಟಿದೆ, ಒಳಗೆ ಎಷ್ಟಿದೆ ಎಂದು ನಾಲ್ಕು ದಿನ ಬರೆದಿಟ್ಟರೆ ಶೆಡ್ಡಿನ ಜಾತಕ ತಿಳಿಯುತ್ತದೆ. ಇಲ್ಲಿ ಒಂದು ಮಾತು ಗಮನಿಸಬೇಕು. ಎಷ್ಟೇ ಒಳ್ಳೆಯ ಬಿಸಿ ತಡೆ ಹಾಕಿದರೂ ನಡುಹಗಲಿನಲ್ಲಿ ಗಾಳಿಯಾಡುವ ಶೆಡ್ಡಿನ ಒಳಗು ಹೊರಗಿನ ನೆರಳಿಗಿಂತ ಹೆಚ್ಚು ತಂಪಾಗುವುದಿಲ್ಲ. ಹೊರಗಿಗಿಂತ ಒಳಗು ಬಿಸಿಯಾಗದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಅದಕ್ಕಿಂತ ಕೆಳಗೆ ಇಳಿಸಬೇಕಾದರೆ ನೀರು, ಮಣ್ಣು, ಕಲ್ಲು ಇವುಗಳ ಸಹಾಯ ಬೇಕು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಮಾಡು

ಕಡಿಮೆ ಖರ್ಚಿನ ಮೊದಲ ಕೆಲಸ ಸುಣ್ಣ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂದು ತಂದಿಟ್ಟದ್ದರಲ್ಲಿ ಪ್ರತಿ ಮನೆಯಲ್ಲೂ ಒಂದಿಷ್ಟು ಉಳಿದೇ ಇರುತ್ತದೆ. 10 ಅಡಿ ಉದ್ದ 8 ಅಡಿ ಅಗಲದ ಮಾಡಿಗೆ ಎರಡು ಕೈ ಬಳಿಯಲು ಎರಡು ಮೂರು ಕಿಲೋ ಸಾಕು. ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗೋಂದು ಬೆರೆಸಿ ಮಾಡಿನ ಮೇಲ್ಭಾಗಕ್ಕೆ ಬಳಿಯಬೇಕು. ಗೋಡೆಯ ಸುಣ್ಣಕ್ಕೆ ಉಪ್ಪು ಹಾಕುವ ಹಳೆಯ ರೂಢಿ ಉಂಟಷ್ಟೆ. ತಗಡಿಗೆ ಅದು ಬೇಡ, ತುಕ್ಕು ಹಿಡಿಸುತ್ತದೆ. ಮೈಲುತುತ್ತು ಕಲಸಿದ ಬಕೆಟ್ಟನ್ನೂ ಬಳಸಬೇಡಿ. ಹೊಸ ಬಿಳಿ ಸುಣ್ಣ ತನ್ನ ಮೇಲೆ ಬಿದ್ದ ಬಿಸಿಲಿನ ಹೆಚ್ಚಿನ ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಬೆಳಗ್ಗೆ ಬಳಿದು ಮಧ್ಯಾಹ್ನ ತಗಡಿನ ಅಡಿಗೆ ಅಂಗೈ ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ. ಮಳೆಗೆ ತೊಳೆದು ಹೋಗುತ್ತದೆ ನಿಜ. ಆದರೆ ಮಳೆ ಬಂದ ಮೇಲೆ ಅದರ ಅಗತ್ಯವೂ ಅಷ್ಟಿಲ್ಲ. ಶಿವರಾತ್ರಿ ಹೊತ್ತಿಗೊಮ್ಮೆ, ಏಪ್ರಿಲ್ ಗಾಳಿಮಳೆ ಹೊಡೆದ ಮೇಲೆ ಇನ್ನೊಮ್ಮೆ ಬಳಿದರೆ ಆಯಿತು.

ಎರಡನೆಯದು ಹೊದಿಕೆ. ಹೆಣೆದ ತೆಂಗಿನ ಗರಿಯಾದರೆ ಇಷ್ಟೇ ಮಾಡಿಗೆ 30ರಿಂದ 40 ಬೇಕಾದೀತು. ಅಡಿಕೆ ಹಾಳೆಯಾದರೆ ಒಂದರ ಮೇಲೊಂದು ಅಂಚು ಬರುವಂತೆ ಹಾಸಲು 60 ಬೇಕು. ಚನ್ನಪಟ್ಟಣದ ಕಡೆಯ ಸದಸ್ಯರು ಪಟ್ಟೆ ಎನ್ನುವುದು ಇದನ್ನೇ. ಒಂದು ಮರ ವರ್ಷಕ್ಕೆ ಆರೇಳು ಹಾಳೆ ಉದುರಿಸುತ್ತದೆ, ಅಂದರೆ ಹತ್ತು ಮರದ ಕೆಳಗೆ ಬಿದ್ದದ್ದು ಸಾಲುತ್ತದೆ. ಆದರೆ ಹೊದಿಕೆಯನ್ನು ತಗಡಿಗೆ ಅಂಟಿದಂತೆ ಹಾಸಿದರೆ ಅರ್ಧ ಪ್ರಯೋಜನ ಹೋಯಿತು. ಮೊದಲು ಎರಡೆರಡು ಅಡಿಗೊಂದರಂತೆ ಅಡಿಕೆ ದಬ್ಬೆಯನ್ನು ಅಡ್ಡ ಕಟ್ಟಿ ಅದರ ಮೇಲೆ ಗರಿ ಅಥವಾ ಹಾಳೆ ಹಾಸಬೇಕು. ನಡುವಿನ ಸಂದಿಯಲ್ಲಿ ಗಾಳಿ ಓಡಾಡುತ್ತಿರುತ್ತದೆ, ಹೊದಿಕೆಯ ಬಿಸಿ ತಗಡಿಗೆ ಇಳಿಯುವುದಿಲ್ಲ, ಹೊದಿಕೆಯೂ ಬೇಗ ಕೊಳೆಯುವುದಿಲ್ಲ. ಮುಂಗಾರಿಗೆ ಮುಂಚಿನ ಬಿರುಗಾಳಿ ಈ ಕಡೆ ಜೋರು. ಹಗ್ಗ ಬಿಗಿದು, ಎರಡೂ ಕೊನೆಗೆ ಕಲ್ಲು ಕಟ್ಟದಿದ್ದರೆ ಹಾಳೆಗಳು ಪಕ್ಕದವರ ಹೊಲದಲ್ಲಿ ಸಿಗುತ್ತವೆ. ಒಣ ಹೊದಿಕೆಗೆ ಬೆಂಕಿಯ ಭಯವಿದೆ. ಬಚ್ಚಲೊಲೆಯ ಹೊಗೆಕೊಳವೆ ಹತ್ತಿರವಿದ್ದರೆ ಹೊದಿಕೆ ಬಿಟ್ಟು ಸುಣ್ಣಕ್ಕೇ ತೃಪ್ತಿಪಡುವುದು ಲೇಸು.

ಹೊದಿಕೆಯ ಬದಲು ಚಪ್ಪರ ಹಾಕಿ ಬಳ್ಳಿ ಬಿಡುವವರೂ ಇದ್ದಾರೆ. ಸೋರೆ, ಹೀರೆ, ಕುಂಬಳ ಯಾವುದಾದರೂ ಆದೀತು. ಸಂಕ್ರಾಂತಿ ಹೊತ್ತಿಗೆ ಬೀಜ ಊರಿ ನೀರು ಕೊಟ್ಟರೆ ಯುಗಾದಿಯ ವೇಳೆಗೆ ಚಪ್ಪರ ತುಂಬುತ್ತದೆ. ಬಳ್ಳಿಯನ್ನು ನೇರ ತಗಡಿನ ಮೇಲೆ ಬಿಟ್ಟರೆ ಕುಡಿ ಸುಟ್ಟುಹೋಗುತ್ತದೆ, ಒಂದು ಅಡಿ ಮೇಲೆ ಚಪ್ಪರ ಬೇಕು. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಚೆಂದದ ಉಪಾಯ ಇದೇ. ಮೊಲಕ್ಕೆ ನೆರಳು, ಮನೆಗೆ ಪಲ್ಯ.

ಮೂರನೆಯದು ಒಳಮಾಡು. ತಗಡಿನಿಂದ ಕೆಳಕ್ಕೆ ಕನಿಷ್ಠ ಒಂದು ಅಡಿ ಬಿಟ್ಟು ಒಂದು ತಟ್ಟಿ ಕಟ್ಟಿದರೆ, ಕಾದ ತಗಡು ಕೆಳಕ್ಕೆ ಸೂಸುವ ಬಿಸಿ ಮೊಲದ ಬೆನ್ನಿಗೆ ತಾಗದೆ ತಟ್ಟಿಗೆ ತಾಗುತ್ತದೆ. ಈ ಕೆಲಸಕ್ಕೆ ಹುಳು ಮನೆಯವರ ಹಳೆಯ ಬಿದಿರು ಚಂದ್ರಿಕೆ ಹೇಳಿಮಾಡಿಸಿದಂತಿದೆ. ರೆಂಬೆ ಪದ್ಧತಿ, ಪ್ಲಾಸ್ಟಿಕ್ ನೇತ್ರಿಕೆಗಳು ಬಂದ ಮೇಲೆ ಎಷ್ಟೋ ಮನೆಗಳ ಅಟ್ಟದಲ್ಲಿ ತಟ್ಟೆ, ಚಂದ್ರಿಕೆಗಳು ಧೂಳು ತಿನ್ನುತ್ತಿವೆ. 6 ಅಡಿ ಉದ್ದ 4 ಅಡಿ ಅಗಲದ ಚಂದ್ರಿಕೆ ನಾಲ್ಕು ಸಿಕ್ಕಿದರೆ ನಮ್ಮ ಶೆಡ್ಡಿಗೆ ಆಯಿತು. ಅವುಗಳಿಗೆ ಸೋಂಕು ನಿವಾರಕ ಔಷಧಿ ಬಡಿದಿರುತ್ತಾರೆ. ಚೆನ್ನಾಗಿ ತೊಳೆದು ಎರಡು ಮೂರು ದಿನ ಬಿಸಿಲಿಗೆ ಹಾಕಿದ ಮೇಲೆ ಕಟ್ಟಬೇಕು. ಚಂದ್ರಿಕೆಯ ಮೇಲೆ ಬತ್ತದ ಹೊಟ್ಟನ್ನು ತೊಳೆದ ಪ್ಲಾಸ್ಟಿಕ್ ಚೀಲಗಳಲ್ಲಿ ಕಾಲುಭಾಗ ತುಂಬಿ ದಿಂಬಿನಂತೆ ಚಪ್ಪಟೆಯಾಗಿ ಹರಡಿದರೆ ಪೇಟೆಯ ಥರ್ಮೋಕೋಲಿನ ಕೆಲಸವನ್ನು ಅದೇ ಮಾಡುತ್ತದೆ. ಮೂರು ಅಂಗುಲ ದಪ್ಪಕ್ಕೆ ಸುಮಾರು 60 ಕಿಲೋ ಹೊಟ್ಟು ಬೇಕು, ಅಷ್ಟು ಭಾರ ತಾಳುವ ಹಾಗೆ ದಬ್ಬೆ ಕೊಡಬೇಕು. ಒಳಮಾಡಿನ ಮೇಲಿನ ಜಾಗವನ್ನು ಎರಡೂ ಕೊನೆಯಲ್ಲಿ ತೆರೆದಿಟ್ಟು ಜಾಲರಿ ಹೊಡೆಯಬೇಕು. ಮುಚ್ಚಿದರೆ ಅಲ್ಲಿನ ಬಿಸಿ ಗಾಳಿ ಸೆರೆಯಾಗುತ್ತದೆ. ಜಾಲರಿ ಇಲ್ಲದೆ ತೆರೆದರೆ ಇಲಿಯೂ ಅದನ್ನು ಹುಡುಕಿಕೊಂಡು ಕೇರೆಹಾವೂ ಬರುತ್ತವೆ.

ಥರ್ಮೋಕೋಲ್ ಹಾಕಲೇಬೇಕೆಂದಿದ್ದರೆ ಮೊಲದ ಹಲ್ಲಿಗೆ ಎಟುಕದಷ್ಟು ಎತ್ತರದಲ್ಲಿ, ತಟ್ಟಿಯ ಮೇಲ್ಗಡೆ ಹಾಕಬೇಕು. ಗೋಡೆಗೆ ಹಾಕಿದರೆ ಅದನ್ನು ಅಗಿದು ನುಂಗಿ ಕರುಳು ಕಟ್ಟಿಕೊಳ್ಳುತ್ತದೆ. ಹಳೆಯ ಆಸ್ಬೆಸ್ಟಾಸ್ ಶೀಟು ಇದ್ದವರು ಅದನ್ನು ಕೊರೆಯುವುದು, ಉಜ್ಜುವುದು ಮಾಡದೆ ಮೇಲಿಂದ ಹೊದಿಕೆ ಮಾತ್ರ ಹಾಕಲಿ. ಆ ಧೂಳು ಮೊಲಕ್ಕಿಂತ ಮನುಷ್ಯನಿಗೆ ಹೆಚ್ಚು ಅಪಾಯ. ಇನ್ನು, ಮಾಡೇ ಆರು ಅಡಿಗಿಂತ ತಗ್ಗಿದ್ದರೆ ಈ ಮೂರೂ ಕೆಲಸಗಳಿಗಿಂತ ಮೊದಲು ಅದನ್ನು ಎತ್ತರಿಸಬೇಕು.

ಗೋಡೆ, ಗಾಳಿ, ನೀರು

ರಾಮನಗರ, ಮಾಗಡಿ ಕಡೆ ಕಲ್ಲುಚಪ್ಪಡಿ ನಿಲ್ಲಿಸಿ ಶೆಡ್ಡು ಕಟ್ಟುವುದು ಸಾಮಾನ್ಯ. ಕಲ್ಲು ತಂಪು ಎಂಬ ನಂಬಿಕೆ ಬೆಳಗಿನ ಹೊತ್ತಿಗೆ ನಿಜ. ಸಂಜೆಯ ಮೇಲೆ ಸಾವನದುರ್ಗದ ತಪ್ಪಲಿನಲ್ಲೋ ರಾಮದೇವರ ಬೆಟ್ಟದ ಬುಡದಲ್ಲೋ ನಿಂತವರಿಗೆ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಹೇಗೆ ಕಕ್ಕುತ್ತದೆ ಎಂಬುದು ಗೊತ್ತು. ಪಡುವಣ ಬದಿಯ ಚಪ್ಪಡಿಯೂ ಅದನ್ನೇ ಮಾಡುತ್ತದೆ. ಆ ಗೋಡೆಗೆ ಒಳಗಿನಿಂದ ಏನು ಹೊಡೆದರೂ ಪ್ರಯೋಜನ ಕಡಿಮೆ. ಬಿಸಿಲನ್ನು ಹೊರಗಡೆಯೇ ತಡೆಯಬೇಕು. ಅಡಿಕೆ ಮರಕ್ಕೆ ಮಾಡಿದ್ದನ್ನೇ ಇಲ್ಲಿಯೂ ಮಾಡುವುದು: ಗೋಡೆಯಿಂದ ಒಂದು ಗೇಣು ದೂರದಲ್ಲಿ ದಬ್ಬೆ ನಿಲ್ಲಿಸಿ ಸೋಗೆ ಕಟ್ಟುವುದು, ಗೋಡೆಗೆ ಸುಣ್ಣ ಬಳಿಯುವುದು. ಬೇಲಿಗೆ ಗ್ಲಿರಿಸಿಡಿಯ ನೆಟ್ಟು ನೆರಳು ಮಾಡಿಕೊಂಡವರು ಅದರ ಸೊಪ್ಪು ಮೊಲದ ಬಾಯಿಗೆ ಸಿಗದಂತೆ ನೋಡಿಕೊಳ್ಳಬೇಕು. ಅದರ ಬೀಜ, ತೊಗಟೆ ಇಲಿಗೆ ವಿಷ. ಹೆಸರಿನ ಅರ್ಥವೇ ಇಲಿಯನ್ನು ಕೊಲ್ಲುವುದು ಎಂದು.

ಮೂಡಣ ಗೋಡೆಯಲ್ಲಿ ತಗ್ಗಿನಲ್ಲಿ, ಪಡುವಣ ಗೋಡೆಯಲ್ಲಿ ಸೂರಿನ ಕೆಳಗೆ ಎತ್ತರದಲ್ಲಿ, ಹೀಗೆ ಎದುರುಬದುರು ಕಿಂಡಿ ಇರಬೇಕು. ಕಾದ ಗಾಳಿ ಮೇಲಿನಿಂದ ಹೋಗುತ್ತದೆ, ತಂಪು ಗಾಳಿ ಕೆಳಗಿನಿಂದ ಬರುತ್ತದೆ. ಬಾಗಿಲಿಗೆ ಹಲಗೆಯ ಬದಲು ಚೌಕಟ್ಟಿಗೆ ಅರ್ಧ ಅಂಗುಲದ ಬೆಸುಗೆ ಜಾಲರಿ ಹೊಡೆದರೆ ನಾಯಿಯ ಭಯವೂ ಇಲ್ಲ, ಮುಚ್ಚಿಡುವ ಪ್ರಮೇಯವೂ ಇಲ್ಲ. ನಮ್ಮ ಕಲ್ಲುಗುಡ್ಡಗಳ ಆಸುಪಾಸಿನಲ್ಲಿ ಚಿರತೆ ಓಡಾಡುವುದರಿಂದ ಜಾಲರಿ ಗಟ್ಟಿಯದ್ದೇ ಆಗಬೇಕು, ಕೋಳಿ ಜಾಲರಿ ಸಾಲದು. ಊಜಿ ನೊಣ 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಮೇಲೆ ಹುಳು ಮನೆಗಳ ಕಿಟಕಿಗೆಲ್ಲ ನೈಲಾನ್ ಬಲೆ ಬಂತು. ಅದನ್ನೇ ಜಾಲರಿಯ ಹೊರಗಡೆ ಕಟ್ಟಿದರೆ ಸೊಳ್ಳೆ ತಡೆಯುತ್ತದೆ. ಗೂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ ಇರುವೆ ತಡೆಯುವ ಪದ್ಧತಿಯೂ ಅವರದ್ದೇ. ಮರಿ ಹಾಕಿದ ಮೊಲವಿದ್ದರೆ ಇದನ್ನು ಮರೆಯಬಾರದು.

ಒದ್ದೆ ಗೋಣಿಯ ವಿಷಯ. ಮಾರ್ಚಿ, ಏಪ್ರಿಲಿನ ಒಣ ಹವೆಯಲ್ಲಿ ಮೂಡಣ ಕಿಂಡಿಗೆ ಒದ್ದೆ ಗೋಣಿ ತಾಟು ಇಳಿಬಿಟ್ಟು ಹನ್ನೊಂದು ಗಂಟೆಯಿಂದ ನಾಲ್ಕರವರೆಗೆ ಆಗಾಗ ನೀರು ಚಿಮುಕಿಸಿದರೆ ಒಳಬರುವ ಗಾಳಿ ನಿಜಕ್ಕೂ ತಂಪಾಗುತ್ತದೆ. ಆದರೆ ಹುಳುವಿಗೂ ಮೊಲಕ್ಕೂ ಇಲ್ಲಿ ಒಂದು ವ್ಯತ್ಯಾಸವಿದೆ. ಹುಳುವಿಗೆ ತೇವ ಬೇಕು, ಚಾಕಿಯಲ್ಲಂತೂ ನೂರಕ್ಕೆ 80ರ ಮೇಲೆ. ಮೊಲಕ್ಕೆ ಅಷ್ಟು ತೇವ ಆಗದು. ಗಾಳಿ ನಿಂತ ದಿನ, ಮೋಡ ಕವಿದ ದಿನ ಗೋಣಿ ಒದ್ದೆ ಮಾಡಿದರೆ ಬಿಸಿಯ ಮೇಲೆ ಧಗೆಯೂ ಸೇರುತ್ತದೆ. ಅಂಥ ದಿನ ಗೋಣಿಯನ್ನು ಸುತ್ತಿ ಮೇಲಿಟ್ಟು ಕಿಂಡಿ ಬಿಡಿಸಬೇಕು. ನೀರನ್ನು ಮಾಡಿನ ಮೇಲೆ ಚಿಮುಕಿಸಬಹುದು, ಮೊಲದ ಹಾಸಿನ ಮೇಲೆ ಖಂಡಿತ ಕೂಡದು.

ಪಡುವಣ ಗೋಡೆಯಲ್ಲಿ ದೂರಿದ ಕಲ್ಲನ್ನು ನೆಲದಲ್ಲಿ ಹೊಗಳಬೇಕಾಗುತ್ತದೆ. ಬಿಸಿಲು ಕಾಣದ ಮೂಲೆಯಲ್ಲಿ ಎರಡು ಅಡಿ ಚೌಕದ ಒಂದು ಚಪ್ಪಡಿ ಹಾಸಿದರೆ ಮಧ್ಯಾಹ್ನ ಮೊಲ ತಾನಾಗಿ ಬಂದು ಅದರ ಮೇಲೆ ಹೊಟ್ಟೆಯೂರಿ ಮಲಗುತ್ತದೆ. ಇದಕ್ಕೂ ಮೇಲಾದದ್ದು ಹೂತ ಗುಡಾಣ. ಬಾಯಿ ಅಗಲವಾದ ಮಣ್ಣಿನ ಗುಡಾಣವನ್ನು ಅಡ್ಡ ಮಲಗಿಸಿ, ಬಾಯಿಯ ಕಡೆ ಇಳಿಜಾರು ಕೊಟ್ಟು, ಮೇಲೆ ಒಂದು ಅಡಿ ಮಣ್ಣು ಮುಚ್ಚಿದರೆ ಮೊಲಕ್ಕೆ ಅದರ ಪೂರ್ವಿಕರ ಬಿಲವೇ ಸಿಕ್ಕಿದಂತೆ. ಈಜಿಪ್ಟಿನಂಥ ಬಿಸಿ ದೇಶಗಳಲ್ಲಿ ನೆಲದೊಳಗಿನ ಗೂಡಿನಲ್ಲೇ ಮೊಲ ಸಾಕುವುದುಂಟು. ಮಳೆಗಾಲದಲ್ಲಿ ನೀರು ನುಗ್ಗದಂತೆ ಬಾಯಿಯ ಸುತ್ತ ಒಡ್ಡು ಕಟ್ಟಬೇಕು, ಜೂನ್ ಬಂದ ಮೇಲೆ ಹಲಗೆ ಮುಚ್ಚಿಬಿಡುವುದೇ ಕ್ಷೇಮ. ತಂಪು ಪೆಟ್ಟಿಗೆ ಇದ್ದ ಮನೆಯವರು ಎರಡು ಬಾಟಲಿಯಲ್ಲಿ ನೀರು ಗಟ್ಟಿಮಾಡಿ, ಬಟ್ಟೆ ಸುತ್ತಿ ಮಧ್ಯಾಹ್ನ ಪಕ್ಕದಲ್ಲಿಟ್ಟರೆ ಮೊಲ ಅದಕ್ಕೆ ಒರಗಿಕೊಳ್ಳುತ್ತದೆ. ಕುಡಿಯುವ ನೀರಿಗೆ ಮಣ್ಣಿನ ಬಟ್ಟಲು ಎರಡು ಇರಲಿ, ಒಂದನ್ನು ಅದು ಹೇಗೂ ಮಗುಚುತ್ತದೆ.

ತೋಟದ ಸಾಮಗ್ರಿಯಲ್ಲಿ ಆಗದ್ದು

ನಮ್ಮ ಅಂಗಳದಲ್ಲಿ ಪುಕ್ಕಟೆ ಸಿಗುವುದೆಲ್ಲ ಮೊಲಕ್ಕೆ ಆಗುವುದಿಲ್ಲ. ಕಾಫಿ ಹೊಟ್ಟನ್ನು ಹಾಸಿಗೆ ಬಳಸುವ ಯೋಚನೆ ಕೆಲವು ಸದಸ್ಯರಿಗೆ ಬಂದಿದೆ. ಅದು ಬೇಡ. ಅದರಲ್ಲಿ ಕೆಫೀನಿನ ಅಂಶ ಉಳಿದಿರುತ್ತದೆ, ಮೊಲ ಹಾಸನ್ನೂ ಮೆಲ್ಲುವ ಪ್ರಾಣಿ. ಚೀಲ ಕಟ್ಟಿ ಒಳಮಾಡಿನ ಮೇಲೆ ತುಂಬಲೂ ಅದು ತಕ್ಕದ್ದಲ್ಲ, ತೇವ ಹಿಡಿದು ಬೂಷ್ಟು ಬರುತ್ತದೆ. ಅಡಿಕೆ ದಬ್ಬೆ ಮೇಲೆ ಕಟ್ಟಲು ಒಳ್ಳೆಯದು, ಮೊಲಕ್ಕೆ ಎಟುಕುವ ಕಡೆ ಕೆಟ್ಟದ್ದು. ಅದರ ಸಿಬಿರು ಕೈಗೆ ಹೊಕ್ಕವರಿಗೆ ಅದು ಮೊಲದ ಒಸಡಿಗೆ ಏನು ಮಾಡೀತೆಂದು ವಿವರಿಸಬೇಕಿಲ್ಲ. ಗೋಣಿಚೀಲ ಕಾಫಿಯದ್ದಾದರೆ ಸರಿ. ಗೊಬ್ಬರ, ಔಷಧಿ ತುಂಬಿದ್ದ ಚೀಲವನ್ನು ಮೊಲ ಕಡಿಯುವ ಕಡೆ ಕಟ್ಟಬಾರದು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ನಮ್ಮಲ್ಲಿ ಹೆಚ್ಚಿನವರ ಶೆಡ್ಡು ಮೂಲದಲ್ಲಿ ಸಿಂಪಡಿಸುವ ಯಂತ್ರ, ಮೈಲುತುತ್ತು, ಕೀಟನಾಶಕ ಇಡುವುದಕ್ಕೆಂದು ಕಟ್ಟಿದ್ದು. ಅದರ ಅರ್ಧದಲ್ಲಿ ಜಾಲರಿ ಹೊಡೆದು ಮೊಲ ಬಿಡುತ್ತಾರೆ. ಬಿಸಿಲಿಗೆ ಡಬ್ಬಿಗಳಿಂದ ಏಳುವ ಆವಿ ಜಾಲರಿಯನ್ನು ಲೆಕ್ಕಿಸುವುದಿಲ್ಲ. ಔಷಧಿಯೋ ಮೊಲವೋ, ಎರಡರಲ್ಲಿ ಒಂದು ಬೇರೆ ಕಡೆ ಹೋಗಲೇಬೇಕು. ಈ ವಿಷಯದಲ್ಲಿ ರಾಜಿ ಇಲ್ಲ.

ಹಿಪ್ಪುನೇರಳೆ ಸೊಪ್ಪು ಮೊಲಕ್ಕೆ ಬಹಳ ಇಷ್ಟ, ಒಳ್ಳೆಯದೂ ಹೌದು. ಹುಲ್ಲಿನ ಜೊತೆಗೆ ಕೊಡಬೇಕು, ಅದೊಂದನ್ನೇ ಅಲ್ಲ. ತೋಟಕ್ಕೆ ಔಷಧಿ ಹೊಡೆದಿದ್ದರೆ ಹುಳುವಿಗೆ ಎಷ್ಟು ದಿನ ಕಾಯುತ್ತಾರೋ ಮೊಲಕ್ಕೂ ಅಷ್ಟು ದಿನ ಕಾಯಬೇಕು. ಹುಳು ತಿಂದುಬಿಟ್ಟ ಸೊಪ್ಪನ್ನು ಮಾತ್ರ ತರಬೇಡಿ, ಅದಕ್ಕೆ ಸುಣ್ಣ, ಸೋಂಕು ನಿವಾರಕ ಪುಡಿ ಉದುರಿಸಿರುತ್ತಾರೆ.

ಮಳೆಗಾಲ ಮತ್ತು ಮಲೆನಾಡಿನ ಸದಸ್ಯರಿಗೆ

ಚಳಿಯ ಬಗ್ಗೆ ಈ ನಾಲ್ಕು ತಾಲ್ಲೂಕಿನವರು ಹೆಚ್ಚು ಚಿಂತಿಸಬೇಕಿಲ್ಲ. ಮೈ ಒಣಗಿದ್ದು, ಎದುರುಗಾಳಿ ತಾಗದಿದ್ದರೆ ಡಿಸೆಂಬರಿನ ರಾತ್ರಿ ದೊಡ್ಡ ಮೊಲಕ್ಕೆ ಹಬ್ಬವೇ ಸರಿ. ಒಣಹುಲ್ಲು ತುಂಬಿದ ಒಂದು ಮರದ ಪೆಟ್ಟಿಗೆ ಸಾಕು. ಹುಳು ಮನೆಯಲ್ಲಿ ಚಳಿಗೆ ಇದ್ದಿಲ ಒಲೆ ಇಡುವ ಕ್ರಮವುಂಟು, ಮೊಲದ ಶೆಡ್ಡಿಗೆ ಅದನ್ನು ಒಯ್ಯಬಾರದು. ವಿದ್ಯುತ್ ದೀಪ ಹಾಕುವವರು ತಂತಿಯನ್ನು ಕೊಳವೆಯೊಳಗೆ ಎಳೆಯಬೇಕು, ತಂತಿ ಕಂಡರೆ ಮೊಲ ಕಡಿಯದೆ ಬಿಡುವುದಿಲ್ಲ.

ಕೊಡಗು, ಚಿಕ್ಕಮಗಳೂರು ಕಡೆಯ ಸದಸ್ಯರಿಗೆ ಈ ಲೇಖನದ ಅರ್ಧ ಭಾಗ ತಲೆಕೆಳಗಾಗಿ ಅನ್ವಯಿಸುತ್ತದೆ. ಅಲ್ಲಿ ಜೂನಿನಿಂದ ಆಗಸ್ಟಿನವರೆಗೆ ಶತ್ರು ತೇವ. ಒದ್ದೆ ಗೋಣಿಯ ಉಪಾಯ ಬಿಟ್ಟುಬಿಡಬೇಕು, ಗೂಡನ್ನು ನೆಲದಿಂದ ಎರಡು ಮೂರು ಅಡಿ ಎತ್ತರಿಸಬೇಕು, ಇರಚಲು ಹೊಡೆಯುವ ಬದಿಯ ಸೂರನ್ನು ಮೂರು ಅಡಿ ಮುಂದಕ್ಕೆ ಚಾಚಬೇಕು, ಹಾಸನ್ನು ದಿನವೂ ಬದಲಿಸಬೇಕು. ಕಿಂಡಿ ಮುಚ್ಚಬಾರದೆಂಬ ನಿಯಮ ಮಾತ್ರ ಎರಡೂ ಸೀಮೆಗೆ ಒಂದೇ.

ಬೇಸಿಗೆಯಲ್ಲಿ ಇಷ್ಟೆಲ್ಲ ಮಾಡಿದ ಮೇಲೂ ಒಂದು ದಿನ ಮೊಲದ ಕಿವಿ ಕೆಂಪಾಗಿ ಕಾದು, ಬಾಯಿ ತೆರೆದು ಏದುಸಿರು ಬಿಟ್ಟು, ಜೊಲ್ಲು ಸುರಿಸಿ ಮಲಗಿದರೆ ಕೂಡಲೇ ನೆರಳಿಗೆ, ಗಾಳಿಗೆ ಒಯ್ಯಬೇಕು. ಸಾಧಾರಣ ತಣ್ಣೀರಿನ ಬಟ್ಟೆಯಿಂದ ಕಿವಿಗಳನ್ನು ಒರೆಸಬೇಕು. ಗಾಬರಿಯಲ್ಲಿ ಬಕೆಟ್ಟಿನ ನೀರಿಗೋ ಮಂಜಿನ ನೀರಿಗೋ ಅದ್ದಿದರೆ ಆಘಾತದಿಂದಲೇ ಸಾಯುತ್ತದೆ. ಬಾಯಿಗೆ ನೀರು ಸುರಿಯಬಾರದು. ಸ್ವಲ್ಪ ಚೇತರಿಸಿಕೊಂಡರೂ ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು.

ಕೊನೆಯದಾಗಿ, ತೋಟದಲ್ಲಿ ಕಾಣುವ ಕಾಡುಮೊಲದ ಮರಿಯನ್ನು ತಂದು ಶೆಡ್ಡಿಗೆ ಬಿಡುವವರಿದ್ದಾರೆ. ಅದು ಬೇರೆಯೇ ಜಾತಿ, ಸೆರೆಯಲ್ಲಿ ಬದುಕುವುದು ಅಪರೂಪ. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಹಿಡಿಯುವುದೂ ಸಾಕುವುದೂ ಅಪರಾಧ. ತಾಯಿ ಮರಿಯನ್ನು ಒಂಟಿಯಾಗಿ ಬಿಟ್ಟು ಮೇಯಲು ಹೋಗುವುದು ಅದರ ಕ್ರಮ, ಆದ್ದರಿಂದ ಕಂಡ ಜಾಗದಲ್ಲೇ ಬಿಟ್ಟುಬಿಡಬೇಕು.

ಅಡಿಕೆ ಹಾಳೆ, ಕಾಫಿಯ ಹಳೆಯ ಗೋಣಿಚೀಲ ಬೇಕಾದವರು ಶಿವರಾತ್ರಿಯೊಳಗಾಗಿ ಕಛೇರಿಗೆ ತಿಳಿಸಬಹುದು. ಹೆಚ್ಚಿಗೆ ಇರುವ ಸದಸ್ಯರಿಂದ ಕೊಡಿಸುವ ಏರ್ಪಾಡು ಮಾಡಲಾಗುವುದು. ಅಟ್ಟದಲ್ಲಿ ಬಿದಿರು ಚಂದ್ರಿಕೆ ಇದ್ದು ಉಪಯೋಗಿಸದವರೂ ಹೆಸರು ಬರೆಸಿದರೆ ಉಪಕಾರವಾಗುತ್ತದೆ.